ಗಡಿಯ ಕನ್ನಡ ಶಾಲೆಯೂ ಹೊಸ ಯಂತ್ರಗಳೂ

(ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಸಭೆಯೆಂದ ಮೇಲೆ ನಕಾಶೆಯ ಮಾತು, ಆಯೋಗದ ಮಾತು, ನ್ಯಾಯಾಲಯದ ಮಾತು ಬರುವದು ಸಹಜವಾಗಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. 1966ರಲ್ಲಿ ಮಹಾಜನ ಆಯೋಗವು ನೇಮಕವಾಗಿ 1967ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 2004ರಲ್ಲಿ ಮಹಾರಾಷ್ಟ್ರ ಸರಕಾರವು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು. ಅದಕ್ಕೂ ಇಪ್ಪತ್ತು ವರುಷ ಮೀರಿ ಹೋದವು. ಈ ಚರಿತ್ರೆಯನ್ನು ನೀವೆಲ್ಲ ಬಲ್ಲಿರಿ. ಆದರೆ ಬರುವ ಜೂನ ತಿಂಗಳಲ್ಲಿ ನಿಮ್ಮ ಮನೆಯ ಕೂಸು ಒಂದನೆಯ ಇಯತ್ತೆಗೆ ಹೋಗಲಿದೆ. ಆಯೋಗ ಕಾಯಬಲ್ಲದು, ಕೋರ್ಟು ಕಾಯಬಲ್ಲದು. ಆರು ವರುಷದ ಕೂಸು ಕಾಯಲಾರದು. ಅದು ಇಂದು ಕನ್ನಡದಲ್ಲಿ ಓದಬೇಕು, ಇಂದೇ ಓದಬೇಕು.

ಆದುದರಿಂದ ನಾನು ಇಂದು ನಕಾಶೆಯನ್ನು ಬದಿಗಿಟ್ಟು ಶಾಲೆಯ ಕಪಾಟಿನ ಮಾತನ್ನಾಡಬೇಕೆಂದು ಬಂದಿದ್ದೇನೆ. ಆ ಕಪಾಟಿನೊಳಗೆ ಈಗ ಟಿ.ವಿ. ಪರದೆ ಇದೆ, ಕಂಪ್ಯೂಟರ ಇದೆ, ಕೆಲವು ಕಡೆಗೆ ಟ್ಯಾಬುಗಳಿವೆ. ಶಾಲೆಯ ಪಟಸಂಖ್ಯೆಯೂ ಹಾಜರಿಯೂ ಇಂಥ ಯಂತ್ರಗಳ ಮೂಲಕವೇ ಸರಕಾರಕ್ಕೆ ತಲುಪುತ್ತವೆ. ಈ ಯಂತ್ರಗಳನ್ನು ಕಾಯುವವರು ಯಾರು? ಇವು ಯಾವ ಭಾಷೆಯಲ್ಲಿ ಮಾತಾಡುತ್ತವೆ? ಇವುಗಳ ಹೊಟ್ಟೆಯೊಳಗೆ ನಮ್ಮ ಮಕ್ಕಳ ಹೆಸರು ಸರಿಯಾಗಿದೆಯೋ ಇಲ್ಲವೋ? ಈ ಮೂರು ಪ್ರಶ್ನೆಗಳಿಗೆ ನಾವು ಉತ್ತರ ಹುಡುಕದಿದ್ದರೆ, ಯಾವ ಆಯೋಗದ ವರದಿಯೂ ಇಲ್ಲದೆ, ಯಾರ ಗದ್ದಲವೂ ಇಲ್ಲದೆ ನಮ್ಮ ಕನ್ನಡ ಶಾಲೆಗಳು ಒಂದೊಂದಾಗಿ ಸೊರಗಿ ಹೋಗಬಹುದು.

ದೇವರ ಪೆಟ್ಟಿಗೆ

ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅದು ಯಾವ ಊರೂ ಆಗಬಹುದು. ಗೋಡೆಗೆ ದೊಡ್ಡ ಪರದೆಯೊಂದನ್ನು ತೂಗುಹಾಕಿದ್ದರು. ಅದರ ಮೇಲೆ ಹಳದಿ ಬಣ್ಣದ ಬಟ್ಟೆ, ಬಟ್ಟೆಯ ಮೇಲೆ ಬಾಡಿದ ಚೆಂಡುಹೂವಿನ ಮಾಲೆ. ಅಲ್ಲಿಯೇ ಅಡಿಗೆ ಮಾಡುತ್ತಿದ್ದ ಅಜ್ಜಿಯನ್ನು ‘ಇದೇನವ್ವಾ?’ ಎಂದು ಕೇಳಿದೆ. ‘ದೇವರ ಪೆಟಗಿ ಐತ್ರಿ ಯಪ್ಪಾ. ಖಂಡೇ ಪೂಜಿಗೊಮ್ಮೆ ಕಾಯಿ ಒಡೀತೀವಿ. ಎರಡ ವರ್ಷ ಆತು, ದೇವರು ಕಣ್ಣು ತೆರದಿಲ್ಲ’ ಎಂದಳು. ಸುತ್ತಲಿದ್ದವರು ನಕ್ಕರು. ನನಗೆ ನಗೆ ಬರಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಇಲಿ ಒಂದು ವಾಯರನ್ನು ಕಡಿದಿತ್ತು. ಪೇಟೆಯಲ್ಲಿ ಅದರ ಬೆಲೆ ಕೆಲವು ನೂರು ರೂಪಾಯಿ. ಪರದೆಯನ್ನು ದಾನ ಕೊಟ್ಟವರು ತಮ್ಮ ಕೆಲಸ ಮುಗಿಯಿತೆಂದರು. ಗುರುಗಳು ಅದು ತಮ್ಮ ಅಧಿಕಾರದಲ್ಲಿಲ್ಲವೆಂದರು. ಗ್ರಾಮಸ್ಥರು ಅದು ಸರಕಾರದ್ದೆಂದರು. ಎಲ್ಲರೂ ಸುಳ್ಳು ಹೇಳಲಿಲ್ಲ. ಆದರೆ ಯಾರೂ ಹೊಣೆಯನ್ನು ಹೊರಲಿಲ್ಲ. ಹೀಗಾಗಿ ಎರಡು ವರುಷದ ಮಕ್ಕಳು ಆ ಪರದೆಯ ಮೇಲೆ ಒಂದು ಪಾಠವನ್ನೂ ನೋಡದೆ ಮುಂದಿನ ಇಯತ್ತೆಗೆ ಹೋದರು.

ಕೊಳ್ಳುವ ದಿನ ಫೋಟೋ ಉಂಟು, ಭಾಷಣ ಉಂಟು, ರಿಬ್ಬನ್ನು ಕತ್ತರಿಸುವದುಂಟು. ದುರಸ್ತಿಯ ದಿನ ಯಾರೂ ಬರುವದಿಲ್ಲ. ಇದು ನಮ್ಮೊಂದು ಜಿಲ್ಲೆಯ ರೋಗವಲ್ಲ. ದಕ್ಷಿಣ ಅಮೇರಿಕೆಯ ಪೆರು ದೇಶದ ಸರಕಾರವು ಬಡ ಮಕ್ಕಳಿಗೆಂದು ಎಂಟು ಲಕ್ಷಕ್ಕೂ ಹೆಚ್ಚು ಸಣ್ಣ ಕಂಪ್ಯೂಟರುಗಳನ್ನು ಹಂಚಿತು. ಅಲ್ಲಿಯ ಹಳ್ಳಿಗಾಡಿನ 319 ಶಾಲೆಗಳಲ್ಲಿ ನಡೆಸಿದ ಪರಿಶೀಲನೆಯ ಫಲವು 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ್ದು ಕಂಡುಬರಲಿಲ್ಲ. ಯಂತ್ರವನ್ನು ಹಂಚುವದು ಬೇರೆ, ಯಂತ್ರದಿಂದ ಕಲಿಸುವದು ಬೇರೆ ಎಂಬ ಪಾಠವನ್ನು ಆ ದೇಶ ದುಬಾರಿ ಬೆಲೆ ತೆತ್ತು ಕಲಿಯಿತು. ನಾವು ಅದನ್ನು ಪುಕ್ಕಟೆಯಾಗಿ ಕಲಿಯೋಣ.

ಮಗ್ಗಕ್ಕೆ ಜಾಬರನುಂಟು

ಈ ಸಭೆಯಲ್ಲಿ ಇಚಲಕರಂಜಿಯ ನೇಕಾರ ಬಂಧುಗಳು ಬಹಳ ಜನರಿದ್ದೀರಿ. ನಿಮಗೆ ಈ ಮಾತು ನನಗಿಂತ ಚೆನ್ನಾಗಿ ಗೊತ್ತು. 1904ರಲ್ಲಿ ವಿಠ್ಠಲರಾವ ದಾತಾರರು ನಿಮ್ಮ ಊರಿನಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದರು. ಆ ಒಂದು ಮಗ್ಗದಿಂದ ಊರೇ ಮಗ್ಗದ ಊರಾಯಿತು. ಅದು ಹೇಗಾಯಿತು? ಮಗ್ಗವನ್ನು ಕೊಂಡದ್ದರಿಂದ ಮಾತ್ರವೇ ಅಲ್ಲ. ಪ್ರತಿಯೊಂದು ಕಾರಖಾನೆಯಲ್ಲಿ ಜಾಬರನಿದ್ದಾನೆ. ಎಳೆ ಕಡಿಯಿತೇ, ಲಾಳಿ ಸಿಕ್ಕಿಕೊಂಡಿತೇ, ಪಟ್ಟಿ ಸಡಿಲಾಯಿತೇ, ಅವನನ್ನು ಕೂಗಿದರೆ ಬರುತ್ತಾನೆ. ಮಗ್ಗ ಒಂದು ಪಾಳಿ ನಿಂತರೆ ಮಾಲಕನ ಗಂಟು ಕರಗುತ್ತದೆ, ನೇಕಾರನ ಕೂಲಿ ತಪ್ಪುತ್ತದೆ. ಆದ್ದರಿಂದ ಮಗ್ಗವನ್ನು ನಿಲ್ಲಗೊಡುವದಿಲ್ಲ.

ಶಾಲೆಯ ಕಂಪ್ಯೂಟರ ಎರಡು ವರುಷ ನಿಂತರೆ ಯಾರ ಗಂಟು ಕರಗುತ್ತದೆ? ಮಗುವಿನದು. ಆದರೆ ಮಗುವಿಗೆ ತನ್ನ ಗಂಟು ಕರಗಿದ್ದು ಗೊತ್ತಾಗುವದಿಲ್ಲ. ಆದ್ದರಿಂದಲೇ ಶಾಲೆಯ ಯಂತ್ರಕ್ಕೂ ಒಬ್ಬ ಜಾಬರ ಬೇಕು ಎಂದು ನಾನು ಹೇಳುವದು.

ಪ್ರತಿಯೊಂದು ಶಾಲೆಗೆ ಒಬ್ಬ ತಂತ್ರಜ್ಞನನ್ನು ಕೊಡೆಂದು ಸರಕಾರವನ್ನು ಕೇಳಿದರೆ ಅದು ಆಗುವ ಮಾತಲ್ಲ. ಆದರೆ ಜಿಲ್ಲಾ ಪರಿಷತ್ತಿನ ಶಾಲೆಗಳು ಬಿಡಿ ಬಿಡಿಯಾಗಿಲ್ಲ. ಹತ್ತಾರು ಶಾಲೆಗಳಿಗೊಂದು ಕೇಂದ್ರ, ಕೇಂದ್ರಕ್ಕೊಬ್ಬ ಕೇಂದ್ರಪ್ರಮುಖರು, ತಾಲೂಕಿಗೊಬ್ಬ ಗಟ ಶಿಕ್ಷಣಾಧಿಕಾರಿಗಳು, ಹನ್ನೆರಡು ತಾಲೂಕುಗಳ ಮೇಲೆ ಕೊಲ್ಲಾಪುರದಲ್ಲಿ ಜಿಲ್ಲಾ ಪರಿಷತ್ತು. ಜಿಲ್ಲಾ ಪರಿಷತ್ತಿನ ವ್ಯವಸ್ಥೆ 1962ರಿಂದ ನಡೆದುಬಂದಿದೆ. ಇಚಲಕರಂಜಿಯ ನಗರಪಾಲಿಕೆಯು 2022ರಲ್ಲಿ ಮಹಾನಗರಪಾಲಿಕೆಯಾಯಿತು. ಅಲ್ಲಿಯ ಪಾಲಿಕೆಯ ಶಾಲೆಗಳ ಒಡೆತನ ಬೇರೆ. ಯಾರಿಗೆ ಅರ್ಜಿ ಕೊಡಬೇಕೆಂಬುದನ್ನು ಮೊದಲು ತಿಳಿದುಕೊಂಡಿರಿ. ಒಂದು ಕೇಂದ್ರದ ಎಲ್ಲ ಶಾಲೆಗಳಿಗೂ ಕೂಡಿ ಒಬ್ಬ ದುರಸ್ತಿಗಾರನು ಹದಿನೈದು ದಿನಕ್ಕೊಮ್ಮೆ ಸುತ್ತಿ ಬಂದರೂ ಸಾಕು, ಅರ್ಧದಷ್ಟು ದೇವರ ಪೆಟ್ಟಿಗೆಗಳು ಕಣ್ಣು ತೆರೆದಾವು. ಐ.ಟಿ.ಐ. ಕಲಿತು ಮನೆಯಲ್ಲಿ ಕುಳಿತ ನಮ್ಮ ಹುಡುಗರಿಗೆ ಅದು ಗೌರವದ ದುಡಿಮೆಯೂ ಆಗುವದು.

ಇದು ಬರಿಯ ಕನಸಲ್ಲ. ನಮ್ಮಂತೆಯೇ ಗಡಿಯಾಚೆಗೆ ಉಳಿದ ಕಾಸರಗೋಡಿನ ಕನ್ನಡಿಗರತ್ತ ನೋಡಿರಿ. ಕೇರಳವು 2001ರಲ್ಲಿಯೇ ಶಾಲೆಗಳಿಗೆ ಕಂಪ್ಯೂಟರ ಶಿಕ್ಷಣದ ಯೋಜನೆಯನ್ನು ಹಮ್ಮಿಕೊಂಡಿತು. 2017ರಲ್ಲಿ ‘ಕೈಟ್’ ಎಂಬ ಸರಕಾರಿ ಸಂಸ್ಥೆಯಾಗಿ ಅದು ಬೆಳೆಯಿತು. 2018ರಲ್ಲಿ 4,752 ಶಾಲೆಗಳ 45,000 ತರಗತಿಗಳನ್ನು ಸಜ್ಜುಗೊಳಿಸುವ ಕೆಲಸವನ್ನು ಕೈಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ವ್ಯವಸ್ಥೆಯೊಳಗೇ ಕಲಿಯುತ್ತಿದ್ದಾರೆ. ಆದರೆ ನಾನು ಮೆಚ್ಚಿದ್ದು ಈ ಸಂಖ್ಯೆಗಳನ್ನಲ್ಲ. ಯಂತ್ರಗಳನ್ನು ಕೊಳ್ಳುವಾಗಲೇ ಅವರು ಐದು ವರುಷದ ದುರಸ್ತಿಯ ಹೊಣೆಯನ್ನು ಮಾರಿದವನ ಮೇಲೆ ಹೊರಿಸಿದರು. ಶಾಲೆಯಿಂದ ದೂರು ಬಂದರೆ ಗೊತ್ತಾದ ಅವಧಿಯೊಳಗೆ ಸರಿಪಡಿಸಬೇಕು, ತಪ್ಪಿದರೆ ದಂಡ ತೆರಬೇಕೆಂದು ಕರಾರು ಮಾಡಿಕೊಂಡರು. ಜೊತೆಗೆ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಸಂಘಗಳನ್ನು ಕಟ್ಟಿ, ಯಂತ್ರವನ್ನು ನೋಡಿಕೊಳ್ಳುವದನ್ನು ಮಕ್ಕಳಿಗೇ ಕಲಿಸಿದರು. ಕೊಳ್ಳುವ ಕಾಗದದಲ್ಲಿಯೇ ದುರಸ್ತಿಯನ್ನು ಬರೆಯಿಸಿಕೊಂಡದ್ದು ಜಾಣತನ. ನಮ್ಮ ಜಿಲ್ಲೆಯಲ್ಲಿಯೂ ಇದನ್ನೇ ಕೇಳೋಣ.

ಯಂತ್ರಕ್ಕೆ ಕನ್ನಡ ಬರಬೇಕು

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಯಂತ್ರ ನಡೆಯುತ್ತಿದೆಯೆಂದು ಇಟ್ಟುಕೊಳ್ಳಿರಿ. ಅದು ಯಾವ ಭಾಷೆಯಲ್ಲಿ ಪಾಠ ಹೇಳುತ್ತದೆ?

ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನಲ್ಲಿ ಪರಿತೇವಾಡಿ ಎಂಬ ಸಣ್ಣ ಊರಿದೆ. 2009ರಲ್ಲಿ ಅಲ್ಲಿಯ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಗೆ ರಣಜಿತಸಿಂಹ ಡಿಸಲೆ ಎಂಬ ತರುಣ ಶಿಕ್ಷಕರು ಬಂದರು. ಶಾಲೆಯ ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಉಗ್ರಾಣ. ಅಲ್ಲಿಯ ಹೆಣ್ಣುಮಕ್ಕಳ ಮನೆಮಾತು ಕನ್ನಡ. ಪುಸ್ತಕದ ಭಾಷೆ ಬೇರೆ. ಮಕ್ಕಳಿಗೆ ಪಾಠ ಹತ್ತಲಿಲ್ಲ. ಆ ಶಿಕ್ಷಕರು ಮಕ್ಕಳನ್ನು ಹಳಿಯಲಿಲ್ಲ. ತಾವೇ ಕನ್ನಡವನ್ನು ಕಲಿತರು. ಒಂದರಿಂದ ನಾಲ್ಕನೆಯ ಇಯತ್ತೆಯ ಪುಸ್ತಕಗಳನ್ನು ಮಕ್ಕಳ ಮಾತಿಗೆ ಒಗ್ಗಿಸಿದರು. ಪುಸ್ತಕದ ಪುಟಗಳಲ್ಲಿ ಕ್ಯೂ.ಆರ್. ಸಂಕೇತಗಳನ್ನು, ಅಂದರೆ ಕಪ್ಪು-ಬಿಳಿ ಚೌಕುಳಿಯ ಆ ಗುರುತುಗಳನ್ನು, ಅಂಟಿಸಿ, ಮೊಬೈಲು ಹಿಡಿದರೆ ಪದ್ಯ, ಕಥೆ, ಪಾಠ ಕೇಳಿಸುವಂತೆ ಮಾಡಿದರು. ಅವರ ಶಾಲೆಯಲ್ಲಿ ಆರಂಭವಾದ ಈ ಪದ್ಧತಿಯು ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೆ ಬಂದಿತು. ಎನ್.ಸಿ.ಇ.ಆರ್.ಟಿ. ಪುಸ್ತಕಗಳಲ್ಲಿಯೂ ಅಳವಡಿಸುವದಾಗಿ 2018ರಲ್ಲಿ ಕೇಂದ್ರ ಸರಕಾರವು ಸಾರಿತು. 2020ರ ದಶಂಬರದಲ್ಲಿ ಅವರಿಗೆ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಅದರ ಅರ್ಧ ಹಣವನ್ನು ಅಂತಿಮ ಸುತ್ತಿಗೆ ಬಂದಿದ್ದ ಬೇರೆ ಬೇರೆ ದೇಶಗಳ ಒಂಬತ್ತು ಜನ ಶಿಕ್ಷಕರೊಡನೆ ಹಂಚಿಕೊಂಡರು.

ಬಂಧುಗಳೇ, ಇದರ ತಾತ್ಪರ್ಯವನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಹಾರಾಷ್ಟ್ರದ ಒಂದು ಹಳ್ಳಿಯ ಕನ್ನಡ ಹೆಣ್ಣುಮಕ್ಕಳಿಗೆ ಪುಸ್ತಕ ತಿಳಿಯಲಿಲ್ಲವೆಂಬ ಕೊರತೆಯಿಂದಲೇ ಇಷ್ಟು ದೊಡ್ಡ ಕೆಲಸ ಬೆಳೆಯಿತು. ಕನ್ನಡಿಗರಿಗಾಗಿ ಅದನ್ನು ಮಾಡಿದವರು ಮರಾಠಿ ಶಿಕ್ಷಕರು. ಆದುದರಿಂದ ನಮ್ಮ ಹಕ್ಕನ್ನು ಕೇಳುವಾಗ ನೆರೆಯವರ ಮೇಲೆ ದ್ವೇಷ ಬೇಡ. ನಾವು ಬೇಡುವದು ನಮ್ಮ ಮಗುವಿನ ಕಿವಿಗೆ ನಿಲುಕುವ ಮಾತನ್ನು, ಮರಾಠಿಯನ್ನು ಓಡಿಸುವದನ್ನಲ್ಲ. ಗಡಿಯ ಮಗು ಕನ್ನಡ, ದೇವನಾಗರಿ, ಇಂಗ್ಲಿಷ ಎಂಬ ಮೂರು ಲಿಪಿಗಳನ್ನು ಬಲ್ಲದ್ದಾದರೆ ಅದು ಅದರ ಸಂಪತ್ತೇ ಸರಿ. ಆದರೆ ಅಡಿಪಾಯದ ಕಲ್ಲು ಮನೆಮಾತಿನದಾಗಿರಬೇಕು.

ಪುಣೆಯ ಬಾಲಭಾರತಿ ಸಂಸ್ಥೆಯು 1967ರಲ್ಲಿ ಸ್ಥಾಪಿತವಾದದ್ದು. ಅದು ಮರಾಠಿಯಲ್ಲಿ ಮಾತ್ರವಲ್ಲ, ಕನ್ನಡ ಮಾಧ್ಯಮಕ್ಕಾಗಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. 2017ರಲ್ಲಿ ಕೇಂದ್ರ ಸರಕಾರವು ‘ದೀಕ್ಷಾ’ ಎಂಬ ಪಾಠಗಳ ಭಾಂಡಾರವನ್ನು ತೆರೆಯಿತು; ಪುಸ್ತಕದ ಸಂಕೇತಕ್ಕೆ ಮೊಬೈಲು ಹಿಡಿದರೆ ಅಲ್ಲಿಯ ಪಾಠ ತೆರೆದುಕೊಳ್ಳುತ್ತದೆ. ಇಲ್ಲಿ ನಿಮಗೊಂದು ಕೆಲಸ ಹೇಳುತ್ತೇನೆ. ಇಂದು ರಾತ್ರಿ ನಿಮ್ಮ ಮಗನ ಪುಸ್ತಕವನ್ನು ತೆಗೆದು ಆ ಸಂಕೇತಕ್ಕೆ ಮೊಬೈಲನ್ನು ಹಿಡಿಯಿರಿ. ಕನ್ನಡ ಪಾಠ ಬಂದಿತೇ? ಬಂದರೆ ಸಂತೋಷ. ಬೇರೆ ಭಾಷೆಯದು ಬಂದಿತೇ, ಅಥವಾ ಏನೂ ಬರಲಿಲ್ಲವೇ? ಹಾಗಿದ್ದರೆ ಇಯತ್ತೆ, ವಿಷಯ, ಪುಟದ ಸಂಖ್ಯೆ, ದಿನಾಂಕ ಇವನ್ನು ಬರೆದಿಡಿರಿ. ‘ಕನ್ನಡಕ್ಕೆ ಅನ್ಯಾಯವಾಗಿದೆ’ ಎಂಬ ಮೋಘಂ ಅರ್ಜಿಯು ಕಚೇರಿಯ ಬುಟ್ಟಿಗೆ ಹೋಗುವದು. ‘ಇಂಥ ಪುಸ್ತಕದ ಇಂಥ ಇಂಥ ಪುಟಗಳಲ್ಲಿ ಕನ್ನಡ ಪಾಠ ತೆರೆಯುವದಿಲ್ಲ’ ಎಂಬ ಪಟ್ಟಿಗೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುವದು.

ಕರ್ನಾಟಕದ ಪಾಠಗಳನ್ನೇ ತೋರಿಸಿದರಾಗದೇ ಎಂದು ಕೆಲವರು ಕೇಳುತ್ತಾರೆ. ಗಣಿತಕ್ಕೆ, ವಿಜ್ಞಾನಕ್ಕೆ, ಕನ್ನಡ ಓದಿಗೆ ಅವು ಒಳ್ಳೆಯ ಆಸರೆಯಾಗಬಲ್ಲವು. ಆದರೆ ನಮ್ಮ ಮಕ್ಕಳು ಓದುವದು ಮಹಾರಾಷ್ಟ್ರದ ಪಠ್ಯಕ್ರಮವನ್ನು. ಇತಿಹಾಸ, ಭೂಗೋಳಗಳಲ್ಲಿ ಎರಡೂ ರಾಜ್ಯಗಳ ಪುಸ್ತಕಗಳು ಹೊಂದುವದಿಲ್ಲ. ಇಲ್ಲಿಯ ನಾಲ್ಕನೆಯ ಇಯತ್ತೆಯ ಮಕ್ಕಳು ಬಹುಕಾಲದಿಂದ ಶಿವಾಜಿ ಮಹಾರಾಜರ ಚರಿತ್ರೆಯನ್ನು ಓದುತ್ತ ಬಂದಿದ್ದಾರೆ. ಆ ಪಾಠದ ಕನ್ನಡ ಧ್ವನಿಯನ್ನು ಬೆಂಗಳೂರಿನವರು ಸಿದ್ಧಪಡಿಸಿ ಕೊಡಲಾರರು. ಅದನ್ನು ನಮ್ಮ ಕನ್ನಡ ಶಾಲೆಗಳ ಗುರುಗಳೇ ಓದಿ, ಮುದ್ರಿಸಿ, ಹಂಚಿಕೊಳ್ಳಬೇಕು. ಗಡಹಿಂಗ್ಲಜದ ಗುರುಗಳು ಮಾಡಿದ ಪಾಠವು ಶಿರೋಳದ ಮಗುವಿಗೂ ಜತ್ತದ ಮಗುವಿಗೂ ಅಕ್ಕಲಕೋಟೆಯ ಮಗುವಿಗೂ ಸಲ್ಲುವದು. ಪುಸ್ತಕ ಒಂದೇ ಇರುವದರಿಂದ ಒಬ್ಬರ ಶ್ರಮ ಎಲ್ಲರಿಗೂ ಒದಗುತ್ತದೆ.

ಯಂತ್ರಕ್ಕೆ ಕನ್ನಡ ಅಕ್ಷರ ಬರುವದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಲೋಕದ ಎಲ್ಲ ಲಿಪಿಗಳನ್ನು ಒಂದುಗೂಡಿಸುವ ಯೂನಿಕೋಡಿನಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜೋಡಣೆಯಿದೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದೆ. ಇಂದಿನ ಮೊಬೈಲುಗಳಲ್ಲಿ ಕನ್ನಡ ಕೀಲಿಮಣೆಯನ್ನು ಹೂಡಲು ಒಂದು ಪೈಸೆಯೂ ಬೇಕಿಲ್ಲ. ಬೇಕಾದದ್ದು ಹೂಡಬೇಕೆಂಬ ಮನಸ್ಸು ಮಾತ್ರ.

ಹೆಸರಿನ ಒಂದು ಅಕ್ಷರ

ಮೂರನೆಯ ಮಾತು ಎಲ್ಲಕ್ಕಿಂತ ಮಹತ್ವದ್ದು. ದಯಮಾಡಿ ಲಕ್ಷ್ಯಗೊಟ್ಟು ಕೇಳಿರಿ.

ಹಿಂದಕ್ಕೆ ಶಾಲೆಯ ಪಟವು ಗುರುಗಳ ಹಾಜರಿ ಪುಸ್ತಕದಲ್ಲಿತ್ತು. 2015ರಿಂದ ಮಹಾರಾಷ್ಟ್ರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ವಿವರವು ‘ಸರಲ’ ಎಂಬ ಗಣಕದ ವ್ಯವಸ್ಥೆಗೆ ಬಂದಿತು. ದೇಶಕ್ಕೆಲ್ಲ ‘ಯು-ಡೈಸ್’ ಎಂಬ ಲೆಕ್ಕವಿದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಗಳ ಸಂಖ್ಯೆಯಿದೆ. ಈ ಪಟವನ್ನು ನೋಡಿಯೇ ಶಾಲೆಗೆ ಎಷ್ಟು ಜನ ಶಿಕ್ಷಕರು ಎಂಬ ‘ಸಂಚ ಮಾನ್ಯತೆ’ ಆಗುತ್ತದೆ. ಸಾಮಾನ್ಯವಾಗಿ ಸಪ್ಟಂಬರ 30ರ ಪಟವೇ ಇದಕ್ಕೆ ಆಧಾರ. ಇತ್ತೀಚಿನ ವರುಷಗಳಲ್ಲಿ ಆಧಾರ ಕಾರ್ಡಿನೊಡನೆ ತಾಳೆಯಾದ ಮಕ್ಕಳನ್ನೇ ಲೆಕ್ಕ ಹಿಡಿಯುವ ಕ್ರಮ ಬಂದಿದೆ.

ಈಗ ಗಡಿಯ ಮಗುವಿನ ಗತಿಯನ್ನು ನೋಡಿರಿ. ಮನೆಯಲ್ಲಿ ಇಟ್ಟ ಹೆಸರು ಮಲ್ಲವ್ವ. ಶಾಲೆಯ ಪುಸ್ತಕದಲ್ಲಿ ಮಲ್ಲವ್ವ. ಆಧಾರ ಕಾರ್ಡು ಬರೆಯುವಾತನು ಮರಾಠಿಯವನು. ಅವನ ಕಿವಿಗೆ ಕೇಳಿದಂತೆ ಮಲವಾ ಎಂದು ಬರೆದನು. ಇಂಗ್ಲಿಷಿನಲ್ಲಿ ಮತ್ತೊಂದು ಬಗೆಯಾಯಿತು. ಲಕ್ಷ್ಮವ್ವನು ಲಕ್ಷ್ಮೀಬಾಯಿಯಾದಳು, ಬಸಪ್ಪನು ಬಾಸಾಪಾ ಆದನು. ಯಂತ್ರಕ್ಕೆ ಮಲ್ಲವ್ವನೂ ಮಲವಾನೂ ಒಂದೇ ಮಗುವೆಂಬುದು ತಿಳಿಯದು. ತಾಳೆ ಬೀಳದ ಮಗುವು, ಬೆಂಚಿನ ಮೇಲೆ ಕುಳಿತಿದ್ದರೂ ಲೆಕ್ಕದಲ್ಲಿ ಇಲ್ಲದಂತಾಗುವ ಸಂಭವವಿದೆ. ದೊಡ್ಡ ಶಾಲೆಯಲ್ಲಿ ಐದು ಹೆಸರು ತಪ್ಪಿದರೆ ಏನೂ ಆಗದು. ಸಣ್ಣ ಕನ್ನಡ ಶಾಲೆಯಲ್ಲಿ ಐದು ಹೆಸರು ತಪ್ಪಿದರೆ ಒಬ್ಬ ಶಿಕ್ಷಕರ ಹುದ್ದೆಯೇ ಹೋಗಬಹುದು. ಹುದ್ದೆ ಹೋದರೆ ಪಾಲಕರು ಧೈರ್ಯಗೆಡುತ್ತಾರೆ, ಮಕ್ಕಳನ್ನು ಬೇರೆ ಶಾಲೆಗೆ ಒಯ್ಯುತ್ತಾರೆ, ಪಟ ಮತ್ತಷ್ಟು ಇಳಿಯುತ್ತದೆ. 2017ರಲ್ಲಿ ಪಟ ಹತ್ತಕ್ಕಿಂತ ಕಡಿಮೆಯೆಂಬ ಕಾರಣದಿಂದ 1,300ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿ ಬೇರೆ ಶಾಲೆಗಳಲ್ಲಿ ಕೂಡಿಸುವ ನಿರ್ಣಯವನ್ನು ಈ ರಾಜ್ಯ ಕೈಕೊಂಡದ್ದನ್ನು ನಾವು ಮರೆಯಬಾರದು. ಮರಾಠಿ ಶಾಲೆಯೊಂದು ಮುಚ್ಚಿದರೆ ಮುಂದಿನ ಊರಿನಲ್ಲಿ ಮತ್ತೊಂದು ಮರಾಠಿ ಶಾಲೆಯಿದೆ. ಕನ್ನಡ ಶಾಲೆ ಮುಚ್ಚಿದರೆ ಮುಂದಿನ ಊರಿನಲ್ಲಿ ಏನಿದೆ?

ಆದ್ದರಿಂದ ಹೆಸರಿನ ಒಂದು ಅಕ್ಷರವನ್ನು ತಿದ್ದಿಸುವದು ಸಣ್ಣ ಕೆಲಸವೆಂದು ತಿಳಿಯಬೇಡಿರಿ. ಜೂನ-ಜುಲೈ ತಿಂಗಳಲ್ಲಿಯೇ ಪ್ರತಿಯೊಂದು ಶಾಲೆಯ ಪಾಲಕರು ಕುಳಿತು, ಶಾಲೆಯ ಪುಸ್ತಕ ಮತ್ತು ಆಧಾರ ಕಾರ್ಡುಗಳನ್ನು ಜೋಡಿಸಿ ಓದಬೇಕು. ತಪ್ಪಿದ್ದನ್ನು ಸಪ್ಟಂಬರಿನೊಳಗೆ ತಿದ್ದಿಸಬೇಕು. ಶಾಲೆಯ ಮಾಧ್ಯಮವು ‘ಕನ್ನಡ’ ಎಂದೇ ದಾಖಲಾಗಿದೆಯೇ ಎಂದು ಮುಖ್ಯಾಧ್ಯಾಪಕರನ್ನು ಕೇಳಿರಿ. ಪುಸ್ತಕಗಳ ಬೇಡಿಕೆಗೂ ಅದೇ ಆಧಾರ. ಹಾಗೆಯೇ ಮಕ್ಕಳ ಆಧಾರ ಸಂಖ್ಯೆಯನ್ನೂ ಮೊಬೈಲಿಗೆ ಬರುವ ಗುಪ್ತ ಅಂಕಿಯನ್ನೂ ಗುರುತಿಲ್ಲದವರಿಗೆ ಕೊಡಬೇಡಿರಿ.

ಹಕ್ಕು ಮತ್ತು ಹಣ

‘ಇದೆಲ್ಲ ಕೇಳಲಿಕ್ಕೆ ನಾವು ಯಾರು?’ ಎಂದು ನಿಮಗೆ ಅನಿಸಬಹುದು. ನೀವು ಯಾರೆಂಬುದನ್ನು ಕಾಯದೆಯೇ ಹೇಳಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350-ಎ ಕಲಮು, ಭಾಷಾ ಅಲ್ಪಸಂಖ್ಯಾಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ವಿಧಿಸಿದೆ. 350-ಬಿ ಕಲಮು ಇದನ್ನು ಪರಿಶೀಲಿಸಲು ರಾಷ್ಟ್ರಪತಿಗಳಿಂದ ನೇಮಕವಾಗುವ ವಿಶೇಷ ಅಧಿಕಾರಿಯನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕಿನ ಕಾಯದೆಯ 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಶಾಲೆಗೆ ಬಂದ ಅನುದಾನದ ವಿನಿಯೋಗವನ್ನು ನೋಡುವದು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಬರೆಯುವದು ಆ ಸಮಿತಿಯ ಕೆಲಸ. ಅಂದರೆ ಶಾಲೆಯ ಯಂತ್ರದ ಲೆಕ್ಕ ಕೇಳುವದು ನಿಮ್ಮ ಉದ್ಧಟತನವಲ್ಲ, ನಿಮ್ಮ ಕರ್ತವ್ಯ.

ಹಣದ ಮಾತೂ ಇದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಗಳಿಗೆ ಪಟಕ್ಕೆ ತಕ್ಕಂತೆ ವಾರ್ಷಿಕ ಸಂಯುಕ್ತ ಅನುದಾನವನ್ನು ಗೊತ್ತುಪಡಿಸಿದ್ದಾರೆ: ಅರವತ್ತು ಮಕ್ಕಳ ಶಾಲೆಗೆ 25,000 ರೂಪಾಯಿ, ನೂರೈವತ್ತು ಮಕ್ಕಳ ಶಾಲೆಗೆ 50,000 ರೂಪಾಯಿ ಎಂಬುದು ಅದರ ಪ್ರಮಾಣ. ಕೆಟ್ಟ ಸಾಮಾನುಗಳನ್ನು ಬದಲಿಸಲು, ವಿದ್ಯುತ್ತಿನ ಬಿಲ್ಲು ಕಟ್ಟಲು, ಇಂಟರನೆಟ್ಟಿಗೆ ಆ ಹಣವನ್ನು ಬಳಸಬಹುದೆಂದು ಯೋಜನೆಯಲ್ಲಿಯೇ ಬರೆದಿದೆ. ಹಣವು ಕೈಗೆ ಬರುವ ಹೊತ್ತೂ ಮೊತ್ತವೂ ಬೇರೆಯಾಗಬಹುದು. ಆದರೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂದು ಸಮಿತಿಯ ಸಭೆಯಲ್ಲಿ ಕೇಳಿರಿ. ಇಲಿ ಕಡಿದ ಆ ವಾಯರಿನ ಬೆಲೆ ಇದರೊಳಗೇ ಇತ್ತು. ಕೇಳುವವರಿರಲಿಲ್ಲ, ಅಷ್ಟೇ. ಗಡಿಯಾಚೆಗಿನ ಕನ್ನಡ ಶಾಲೆಗಳಿಗೆ, ಸಂಸ್ಥೆಗಳಿಗೆ ನೆರವಾಗುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಅಲ್ಲಿಂದ ಕೇಳುವಾಗ ಬರಿಯ ಯಂತ್ರವನ್ನು ಕೇಳಬೇಡಿರಿ; ದುರಸ್ತಿಯನ್ನು ಕೂಡಿಸಿ ಕೇಳಿರಿ.

ನಾವು ಮಾಡತಕ್ಕದ್ದು

ಇನ್ನು ಕೆಲಸದ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ.

ಊರಿನಲ್ಲಿ ಮಾಡತಕ್ಕದ್ದು: ಪ್ರತಿಯೊಂದು ಶಾಲೆಯಲ್ಲಿ ಯಂತ್ರಗಳ ಒಂದು ಪುಸ್ತಕವಿರಲಿ. ಯಾವ ಯಂತ್ರ, ಯಾರು ಕೊಟ್ಟದ್ದು, ಎಂದು ಬಂದದ್ದು, ಗ್ಯಾರಂಟಿ ಎಂದಿನವರೆಗೆ, ಎಂದು ಕೆಟ್ಟಿತು, ಯಾರಿಗೆ ತಿಳಿಸಿದೆವು, ಎಂದು ದುರಸ್ತಿಯಾಯಿತು—ಇಷ್ಟನ್ನು ಬರೆದಿಡಿರಿ. ತಿಂಗಳ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿರಿ. ವಿದ್ಯುತ್ತಿನ ತಂತಿಗೆ ಅರ್ಥಿಂಗು ಸರಿಯಿದೆಯೇ ಎಂದು ಬಲ್ಲವರಿಂದ ನೋಡಿಸಿರಿ. ಅದು ಯಂತ್ರಕ್ಕಿಂತ ಹೆಚ್ಚಾಗಿ ಮಕ್ಕಳ ಜೀವದ ಮಾತು. ಬೇಸಿಗೆಯ ಸೂಟಿಗೆ ಮೊದಲು ಟ್ಯಾಬುಗಳನ್ನು ಅರ್ಧದಷ್ಟು ಚಾರ್ಜು ಮಾಡಿ ತಂಪಾದ ಕೋಣೆಯಲ್ಲಿಡಿರಿ. ಪೂರ್ತಿ ಬರಿದಾಗಿ ಎರಡು ತಿಂಗಳು ಬಿದ್ದ ಬ್ಯಾಟರಿ ಹಾಳಾಗುತ್ತದೆ. 2019ರ ಆಗಸ್ಟದಲ್ಲಿಯೂ 2021ರ ಜುಲೈಯಲ್ಲಿಯೂ ಪಂಚಗಂಗೆ, ಕೃಷ್ಣೆಯರು ಉಕ್ಕಿ ಬಂದದ್ದನ್ನು ಶಿರೋಳ, ಇಚಲಕರಂಜಿಯವರು ಮರೆತಿಲ್ಲ. ನದಿಯ ದಂಡೆಯ ಶಾಲೆಗಳು ಮಳೆಗಾಲಕ್ಕೆ ಮುಂಚೆಯೇ ಯಂತ್ರಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ವ್ಯವಸ್ಥೆಯನ್ನು ಬರೆದಿಟ್ಟುಕೊಳ್ಳಲಿ. ಇಂಟರನೆಟ್ಟು ದುರ್ಬಲವಿದ್ದ ಊರಿನಲ್ಲಿ ಗುರುಗಳು ತಾಲೂಕಿನ ಊರಿಗೆ ಹೋದಾಗ ಪಾಠಗಳನ್ನು ಇಳಿಸಿಕೊಂಡು ತಂದು, ಇಂಟರನೆಟ್ಟು ಇಲ್ಲದೆಯೇ ತೋರಿಸಬಹುದು.

ಕೇಂದ್ರದಲ್ಲಿ ಮಾಡತಕ್ಕದ್ದು: ಸುತ್ತಿ ಬರುವ ಒಬ್ಬ ದುರಸ್ತಿಗಾರ, ಬದಲಿ ವಾಯರು-ಚಾರ್ಜರುಗಳ ಒಂದು ಪೆಟ್ಟಿಗೆ, ದೂರು ಬರೆಯುವ ಒಂದು ಪುಸ್ತಕ.

ತಾಲೂಕಿನಲ್ಲಿ, ಜಿಲ್ಲೆಯಲ್ಲಿ ಮಾಡತಕ್ಕದ್ದು: ಎಲ್ಲ ಕನ್ನಡ ಶಾಲೆಗಳ ಪಾಲಕರೂ ಕೂಡಿ ಒಂದೇ ಅರ್ಜಿಯನ್ನು ಕೊಡತಕ್ಕದ್ದು. ಕೊಳ್ಳುವ ಪ್ರತಿಯೊಂದು ಯಂತ್ರದಲ್ಲಿ ಕನ್ನಡ ಅಕ್ಷರ ಮತ್ತು ಕನ್ನಡ ಪಾಠ ಇರಲೇಬೇಕು. ಐದು ವರುಷದ ದುರಸ್ತಿ ಕರಾರಿನಲ್ಲಿಯೇ ಇರಬೇಕು. ಶಿಕ್ಷಕರಿಗೆ ಯಂತ್ರದ ತರಬೇತಿ ಕೊಡುವಾಗ ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿ ಕೊಡಬೇಕು. ಬಿಡಿ ಶಾಲೆಯ ದನಿ ಕೊಲ್ಲಾಪುರದವರೆಗೆ ಮುಟ್ಟದು. ಎಲ್ಲ ಶಾಲೆಗಳ ಕೂಡಿದ ದನಿ ಮುಟ್ಟೀತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ‘ಪರದೆ ಕೊಟ್ಟಿದ್ದೇವೆ, ಕನ್ನಡ ಶಿಕ್ಷಕರೇಕೆ?’ ಎಂದು ನಾಳೆ ಯಾರಾದರೂ ಕೇಳಿದರೆ, ಆ ಪರದೆಯನ್ನು ತಿರುಗಿ ಕೊಟ್ಟು ಶಿಕ್ಷಕರನ್ನು ಕೇಳಿರಿ. ಯಂತ್ರವು ಗುರುವಿನ ಕೈಯೊಳಗಿನ ಕೋಲು; ಗುರುವೇ ಅಲ್ಲ. 2020ರ ಮಾರ್ಚದಲ್ಲಿ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಮೊಬೈಲು ಇದ್ದ ಮನೆಯಲ್ಲಿಯೂ ಗುರುವಿಲ್ಲದ ಮಕ್ಕಳು ಅಕ್ಷರ ಮರೆತದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಬಂಧುಗಳೇ, 1917ರಲ್ಲಿ ಈ ಕೊಲ್ಲಾಪುರ ಸಂಸ್ಥಾನದ ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಪುಕ್ಕಟೆಯೂ ಆಗಿ ಮಾಡಿದರು. ಬಡವನ ಮಗುವೂ ಶಾಲೆಯ ಹೊಸ್ತಿಲನ್ನು ದಾಟಬೇಕೆಂಬುದು ಅವರ ಹಟವಾಗಿತ್ತು. ಅದೇ ನೆಲದ ಕನ್ನಡ ಮಗುವು ಹೊಸ್ತಿಲನ್ನು ದಾಟಿ ಒಳಗೆ ಬಂದ ಮೇಲೆ, ಅಲ್ಲಿಯ ಯಂತ್ರ ಮೂಕವಾಗಿರಬಾರದು, ಅಪರಿಚಿತ ಮಾತನ್ನಾಡಬಾರದು, ಮಗುವಿನ ಹೆಸರನ್ನೇ ಮರೆಯಬಾರದು. ಇಷ್ಟೇ ನಮ್ಮ ಬೇಡಿಕೆ.

ಏಕೀಕರಣವೆಂದರೆ ನಕಾಶೆಯ ಗೆರೆಯನ್ನು ಸರಿಸುವದು ಮಾತ್ರವಲ್ಲ. ಚೆದುರಿದ ಕನ್ನಡ ಶಾಲೆಗಳನ್ನು ಒಂದು ಲೆಕ್ಕದಲ್ಲಿ, ಒಂದು ದನಿಯಲ್ಲಿ, ಒಂದು ಆರೈಕೆಯಲ್ಲಿ ಕೂಡಿಸುವದೂ ಏಕೀಕರಣವೇ. ಗೆರೆ ಎಂದಾದರೂ ಸರಿದೀತು. ಅಲ್ಲಿಯವರೆಗೆ ಗೆರೆಯ ಈಚೆಗೆ ಕನ್ನಡ ಓದುವ ಮಕ್ಕಳಿರಬೇಕಲ್ಲ! ನಾಳೆ ಊರಿಗೆ ಹೋದೊಡನೆ ಶಾಲೆಯ ಕಪಾಟನ್ನು ತೆರೆಯಿಸಿರಿ. ಬಾಡಿದ ಮಾಲೆಯನ್ನು ತೆಗೆಯಿರಿ. ವಾಯರನ್ನು ಕೊಂಡು ತನ್ನಿರಿ. ಆ ಅಜ್ಜಿಯ ದೇವರು ಈ ವರುಷವಾದರೂ ಕಣ್ಣು ತೆರೆಯಲಿ.

 

ಸಿರಿಗನ್ನಡಂ ಗೆಲ್ಗೆ!